ಪಾಸ್‌ಪೋರ್ಟಿಗೆ ಕೋಟು ಬೇಡ, ಚೀಲ ಸಾಕು

ಪ್ರಯಾಣದಲ್ಲಿ ಪಾಸ್‌ಪೋರ್ಟ್ ಕಾಪಾಡಲು ಯಾವುದು ಒಳ್ಳೆಯದು ಅಂದರೆ ನನ್ನ ವೋಟು ಬಾಯಿಗೆ ಜಿಪ್ ಇರುವ ಸಾದಾ ಪ್ಲಾಸ್ಟಿಕ್ ಚೀಲಕ್ಕೆ. ಗುಳಿಗೆ, ಗುಂಡಿ, ಸ್ಕ್ರೂ ಹಾಕಿಡುತ್ತೇವಲ್ಲ, ಅದೇ ಚೀಲ. ಇಲ್ಲಿಗೆ ಬಂದು ಮುಟ್ಟುವ ಮೊದಲು ಚರ್ಮದ ಕವರ್, ಪಾರದರ್ಶಕ ಪ್ಲಾಸ್ಟಿಕ್ ಕವರ್, ಸೊಂಟಕ್ಕೆ ಕಟ್ಟುವ ಪಟ್ಟಿ, ಮೂರಕ್ಕೂ ದುಡ್ಡು ಸುರಿದಿದ್ದೇನೆ.

ಚರ್ಮದ ಕವರ್ ನೋಡಲು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಕಾರ್ಡಿಗೆ ಜಾಗ, ಪೆನ್ನಿಗೆ ಜಾಗ, ಸಿಮ್ ಚುಚ್ಚುವ ಸೂಜಿಗೂ ಒಂದು ಜಾಗ. ತೊಂದರೆ ಶುರುವಾಗುವುದು ಕೌಂಟರಿನ ಮುಂದೆ: "ಕವರ್ ತೆಗೆದು ಕೊಡಿ." ಅವರದೂ ತಪ್ಪಲ್ಲ. ಫೋಟೋ ಇರುವ ಪುಟದ ಕೆಳಗೆ ತಲಾ 44 ಅಕ್ಷರಗಳ ಎರಡು ಸಾಲು ಇರುತ್ತದೆ. ಯಂತ್ರ ಓದುವುದು ಅದನ್ನೇ. ಪುಟ ಗಾಜಿನ ಮೇಲೆ ಅಂಟಿದಂತೆ ಕೂರಬೇಕು, ದಪ್ಪ ಚರ್ಮ ಅದನ್ನು ಒಂದು ಮೂಲೆಯಲ್ಲಿ ಎತ್ತಿ ಹಿಡಿಯುತ್ತದೆ. ತಾನಾಗಿ ತೆರೆಯುವ ಗೇಟುಗಳಲ್ಲಂತೂ ಕವರ್ ಹಾಕಿಟ್ಟರೆ ಕೆಂಪು ದೀಪವೇ ಗತಿ.

ತೆಗೆಯುವುದೇನು ಮಹಾ ಅನ್ನಬಹುದು. ಒಂದು ಪ್ರಯಾಣದಲ್ಲಿ ಲೆಕ್ಕ ಹಾಕಿದೆ: ಹೋಗುವಾಗ ನಾಲ್ಕು ಸಲ, ಬರುವಾಗ ನಾಲ್ಕು ಸಲ. ಹೆಗಲಲ್ಲಿ ಚೀಲ, ಬೋರ್ಡಿಂಗ್ ಪಾಸ್ ಹಲ್ಲಿನ ನಡುವೆ, ಹಿಂದಿನವರು ಗಾಡಿಯಿಂದ ಹಿಮ್ಮಡಿಗೆ ಗುದ್ದುತ್ತಿದ್ದಾರೆ, ನಾನು ಬಿಗಿಯಾದ ಚರ್ಮದ ಜೇಬಿನೊಳಗೆ ಉಗುರು ತೂರಿಸಿ ರಟ್ಟು ಎಳೆಯುತ್ತಿದ್ದೇನೆ. ಹೀಗೆ ಎಳೆದೆಳೆದು ಹಿಂದಿನ ರಟ್ಟು ಬಿಲ್ಲಿನಂತೆ ಬಾಗಿತು, ಫೋಟೋ ಪುಟದ ಒಂದು ಮೂಲೆ ಮಡಚಿತು. ಮಡಚಿದ ಕಡೆ ಲ್ಯಾಮಿನೇಷನ್ ಕೂದಲೆಳೆಯಷ್ಟು ಎದ್ದಿತು.

ಆ ಕೂದಲೆಳೆಯೇ ಸಾಕಾಯಿತು. ಮುಂದಿನ ದೇಶದ ಕೌಂಟರಿನಲ್ಲಿದ್ದವರು ಹೆಬ್ಬೆರಳಿನಿಂದ ಆ ಮೂಲೆ ಸವರಿದರು, ಮತ್ತೆ ಸವರಿದರು, ನೇರಳೆ ದೀಪದ ಕೆಳಗೆ ಹಿಡಿದರು, ಪಕ್ಕದವರನ್ನು ಕರೆದರು. ಫೋಟೋ ಬದಲಿಸುವ ಕಳ್ಳರು ಕೈ ಹಾಕುವುದೇ ಅಲ್ಲಿಗೆ, ಅವರ ಅನುಮಾನ ಸಹಜ. ನನಗೆ ಮಾತ್ರ ಬೆವರು. ಕೊನೆಗೆ ಬಿಟ್ಟರು, "ಊರಿಗೆ ಹೋದ ತಕ್ಷಣ ಹೊಸದು ಮಾಡಿಸಿ" ಎಂದು ಹೇಳಿಯೇ ಬಿಟ್ಟರು. ಪಾಸ್‌ಪೋರ್ಟ್ ಕಾಪಾಡಲೆಂದು ಕೊಂಡ ಕವರೇ ಪಾಸ್‌ಪೋರ್ಟನ್ನು ತಿಂದಿತ್ತು.

ಅಂದಹಾಗೆ ಆ ಕವರಿಗೆ ಹೆಚ್ಚು ಬೆಲೆ ಕೊಟ್ಟದ್ದು "ಚಿಪ್ ಕಳ್ಳತನ ತಡೆಯುತ್ತದೆ" ಎಂಬ ಮಾತಿಗೆ, ಅಂದರೆ ಪಾಸ್‌ಪೋರ್ಟಿನ ಚಿಪ್‌ನಲ್ಲಿರುವ ಮಾಹಿತಿಯನ್ನು ಯಾರೂ ಮುಟ್ಟದೆಯೇ ಕದ್ದು ಓದಲಾರರು ಎಂದು. ಚಿಪ್ ಇರುವ ಪಾಸ್‌ಪೋರ್ಟಿನಲ್ಲಿ ಒಳಗಿನ ಮಾಹಿತಿ ತೆರೆಯುವ ಕೀಲಿ ಫೋಟೋ ಪುಟದ ಆ ಸಾಲುಗಳಲ್ಲೇ ಇದೆ: ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನ, ಅವಧಿ ಮುಗಿಯುವ ದಿನ. ಪುಸ್ತಕ ಮುಚ್ಚಿದ್ದರೆ ಪಕ್ಕದಲ್ಲಿ ಹಾದುಹೋಗುವವನಿಗೆ ಅದು ಸುಲಭಕ್ಕೆ ದಕ್ಕುವಂಥದ್ದಲ್ಲ. ಆ ದುಡ್ಡು ನೀರಿಗೆ ಹಾಕಿದಂತೆ.

ಪಾರದರ್ಶಕ ಕವರ್ ಅಗ್ಗ. ಅದೊಂದೇ ಗುಣ. ಮೆತ್ತನೆಯ ಪಿವಿಸಿಯಲ್ಲಿ ಅದನ್ನು ಮೆದುವಾಗಿಸಲು ಸೇರಿಸಿದ ಎಣ್ಣೆಯಂಥ ಪದಾರ್ಥ ಇರುತ್ತದೆ, ಬಿಸಿಗೆ ಅದು ಮೆಲ್ಲಗೆ ಹೊರಬಂದು ಶಾಯಿಗೂ ಬಣ್ಣಕ್ಕೂ ಅಂಟಿಕೊಳ್ಳುತ್ತದೆ. ಒಂದು ಬೇಸಿಗೆ ಡ್ರಾಯರಿನಲ್ಲಿ ಹಾಗೇ ಬಿಟ್ಟಿದ್ದೆ. ಬಿಡಿಸಿದಾಗ ರಟ್ಟಿನ ಮೇಲಿದ್ದ ಚಿನ್ನದ ಮುದ್ರೆಯ ಅರ್ಧ ಕವರಿನ ಒಳಮೈಗೆ ಬಂದಿತ್ತು, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ.

ಸೊಂಟದ ಪಟ್ಟಿ ಜೇಬುಗಳ್ಳರಿಂದ ಕಾಪಾಡುತ್ತದೆ, ಬೆವರಿನಿಂದ ಕಾಪಾಡುವುದಿಲ್ಲ. ಎರಡು ದಿನ ಸೆಕೆಯಲ್ಲಿ ತಿರುಗಿದ ಮೇಲೆ ಪುಟಗಳು ಹಪ್ಪಳದಂತೆ ಸುರುಟಿ, ಒಂದು ಪುಟದ ಮೊಹರು ಎದುರಿನ ಪುಟಕ್ಕೂ ಬಿದ್ದಿತ್ತು. ಕೌಂಟರಿನಲ್ಲಿ ಅಂಗಿ ಎತ್ತುವ ಮುಜುಗರ ಬೇರೆ.

ಈಗ ಜಿಪ್ ಚೀಲ. ಪಾಸ್‌ಪೋರ್ಟಿನ ಅಳತೆ 125 ಮಿ.ಮೀ. × 88 ಮಿ.ಮೀ., ಚೀಲ ಎಲ್ಲ ಕಡೆ ಒಂದು ಬೆರಳು ಅಗಲ ಜಾಸ್ತಿ ಇರಲಿ. ಬಾಗದಿರಲು ಜೊತೆಗೊಂದು ಗಟ್ಟಿ ರಟ್ಟಿನ ತುಂಡು. ಬಾಯಿ ತೆರೆದು ಬಗ್ಗಿಸಿದರೆ ಪುಸ್ತಕ ಜಾರಿ ಕೈಗೆ ಬರುತ್ತದೆ, ಎಳೆದಾಟ ಇಲ್ಲ. ಮಳೆ ಬಂದರೆ ಚಿಂತೆ ಇಲ್ಲ. ದೋಷವೂ ಇದೆ: ತೇವ ಇರುವಾಗ ಬಾಯಿ ಮುಚ್ಚಿದರೆ ಒಳಗೇ ಬೆವರುತ್ತದೆ. ಹಾಗಾಗಿ ರಾತ್ರಿ ರೂಮಿನಲ್ಲಿ ಬಾಯಿ ತೆರೆದಿಡುತ್ತೇನೆ. ಜಿಪ್ ಕೆಲವು ತಿಂಗಳಿಗೇ ಸೋಲುತ್ತದೆ. ಎರಡು ಚೀಲ ಹೆಚ್ಚಿಗೆ ಇಟ್ಟುಕೊಂಡರಾಯಿತು. ನೋಟಕ್ಕೆ ದರಿದ್ರ, ಒಪ್ಪಿದೆ. ಜೊತೆಗಿದ್ದ ಗೆಳೆಯ "ಏನೋ ಇದು, ಪೊಲೀಸರು ಸಾಕ್ಷಿ ಹಿಡಿದಂಗಿದೆ" ಎಂದು ನಕ್ಕಿದ್ದ.

ಪುಟಗಳ ವಿಷಯಕ್ಕೆ ಬಂದರೆ ಯಾವ ಕವರೂ ನಮ್ಮ ಕೈಯಿಂದ ಅವನ್ನು ಉಳಿಸುವುದಿಲ್ಲ. ಪೆರುವಿನ ಮಾಚು ಪಿಚುವಿನಲ್ಲಿ, ಅರ್ಜೆಂಟೀನಾದ ಉಶುವಾಯಾದಲ್ಲಿ ನೆನಪಿಗೆಂದು ಚೆಂದದ ಮೊಹರು ಒತ್ತಿಕೊಳ್ಳಬಹುದು. ಅದು ಸರ್ಕಾರಿ ಪ್ರವೇಶ ಮುದ್ರೆಯಲ್ಲ. ಪಾಸ್‌ಪೋರ್ಟಿಗೆ ಹಾಕಿಸಿಕೊಂಡರೆ ಆ ಪುಟವನ್ನು, ಕೆಲವೊಮ್ಮೆ ಇಡೀ ಪುಸ್ತಕವನ್ನೇ ಬೇಡ ಅನ್ನುವ ಅಧಿಕಾರಿ ಸಿಗಬಹುದು. ಇಂಥದ್ದಕ್ಕೇ ನನ್ನ ಬಳಿ ಪುಟ್ಟ ನೋಟ್‌ಬುಕ್ ಇದೆ. ದಕ್ಷಿಣ ಆಫ್ರಿಕಾಕ್ಕೆ ಹೋಗುವವರು ಎರಡು ಖಾಲಿ ಪುಟ ತೋರಿಸಬೇಕು, ಅಂಥಲ್ಲಿ ಪುಟ ದಂಡ ಮಾಡುವುದು ಹೊಟ್ಟೆಯುರಿ. ಸ್ಟೇಪಲ್ ಪಿನ್ನು ಹೊಡೆಯಲು ಬಿಡಬೇಡಿ. ಒದ್ದೆಯಾದರೆ ಪುಟಗಳ ನಡುವೆ ಹೀರುವ ಕಾಗದ ಇಟ್ಟು ಭಾರ ಹೇರಿ ಒಣಗಿಸಿ, ಇಸ್ತ್ರಿಪೆಟ್ಟಿಗೆ ಮಾತ್ರ ಮುಟ್ಟಬೇಡಿ.

ಬೆನ್ನಿಗೆ ಚೀಲ ಹಾಕಿ ರಾತ್ರಿ ಬಸ್ಸಿನಲ್ಲಿ ಮಲಗುವ ನನ್ನಂಥವನಿಗೆ ಇದು ಒಗ್ಗಿದೆ. ಜನಜಂಗುಳಿ ಇದ್ದರೆ ಜಿಪ್ ಚೀಲವನ್ನೇ ಸೊಂಟದ ಪಟ್ಟಿಯೊಳಗೆ ಸೇರಿಸುತ್ತೇನೆ, ಬೆವರು ಹೊರಗೇ ಉಳಿಯುತ್ತದೆ. ವರ್ಷಕ್ಕೊಮ್ಮೆ, ಕೋಟಿನ ಒಳಜೇಬಿನಲ್ಲಿಟ್ಟು ಹೋಗಿಬರುವವರಿಗೆ ಚರ್ಮವೂ ನಡೆದೀತು, ಸಾಲಿಗೆ ನಿಲ್ಲುವ ಮೊದಲೇ ತೆಗೆದಿಟ್ಟುಕೊಳ್ಳುವುದಾದರೆ. ನನ್ನ ಚರ್ಮದ ಕವರಿನೊಳಗೆ ಈಗ ಅವಧಿ ಮುಗಿದ ಆ ಹಳೇ ಪಾಸ್‌ಪೋರ್ಟ್ ಕೂತಿದೆ. ಅದನ್ನು ತೆಗೆದು ಕೊಡಿ ಅನ್ನುವವರು ಯಾರೂ ಇಲ್ಲ.