ವೇ ಮೇಕರ್: ಅರ್ಧ ಅಧ್ಯಾಯದ ಹಾಡು

ಹುಬ್ಬಳ್ಳಿಯ ನಮ್ಮ ಚರ್ಚಿನಲ್ಲಿ ಕ್ವಾಯರ್‌ಗೆ (ಹಾಡುವ ತಂಡಕ್ಕೆ) ಹಾಡು ಆರಿಸುವ ಕೆಲಸ ನನ್ನದು. 'ವೇ ಮೇಕರ್' (ದಾರಿ ಮಾಡುವವನು) ಎನ್ನುವ ಈ ಆರಾಧನೆಯ ಹಾಡನ್ನು ಬಿಡಲು ಹುಡುಗರು ತಯಾರಿಲ್ಲ, ಸೇರಿಸಲು ಹಿರಿಯರು ತಯಾರಿಲ್ಲ. ಹಾಗಾಗಿ ಬೈಬಲ್ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ನೋಡಿದೆ.

ನೈಜೀರಿಯಾದ ಗಾಯಕಿ ಸಿನಾಕ್ 2015ರಲ್ಲಿ ಹೊರತಂದ ಹಾಡು ಇದು. ಆಮೇಲೆ ಅಮೆರಿಕದ ಮೈಕೆಲ್ ಡಬ್ಲ್ಯೂ. ಸ್ಮಿತ್ ಹಾಡಿದರು. ಕೊರೋನಾ ಕಾಲದಲ್ಲಿ ಎಲ್ಲೆಲ್ಲೂ ಇದೇ. ಈಗ ಕನ್ನಡದಲ್ಲೂ ಹಾಡುತ್ತಾರೆ.

ಹಿರಿಯರ ದೂರು, ಹೇಳಿದ್ದನ್ನೇ ಹೇಳುತ್ತದೆ ಅಂತ. ಈ ದೂರು ನಿಲ್ಲುವುದಿಲ್ಲ. 136ನೇ ಕೀರ್ತನೆಯಲ್ಲಿ 26 ವಚನ, ಎಲ್ಲದರಲ್ಲೂ ಅದೇ ಪಲ್ಲವಿ. ಅದನ್ನು ಓದುವಾಗ ಯಾರೂ ಗಡಿಯಾರ ನೋಡುವುದಿಲ್ಲ, ಅಲ್ವಾ?

ಪಲ್ಲವಿಯಲ್ಲಿ ದೇವರಿಗೆ ಕೊಟ್ಟ ಹೆಸರುಗಳೆಲ್ಲ ಗಟ್ಟಿಯಾಗಿವೆ. ದಾರಿ ಮಾಡುವವನು ಅನ್ನುವುದು ಯೆಶಾಯ 43:16ರದ್ದು. ಅದ್ಭುತ ಮಾಡುವವನು, ಕೀರ್ತನೆ 77:14. ಕೊಟ್ಟ ಮಾತು ಉಳಿಸಿಕೊಳ್ಳುವವನು, ಯೆಹೋಶುವ 21:45. ನಮ್ಮ ಕಣ್ಣಿಗೆ ಕಾಣದಿದ್ದರೂ ಆತ ಕೆಲಸ ಮಾಡುತ್ತಲೇ ಇದ್ದಾನೆ ಎನ್ನುವ ಭಾಗ ನನಗೆ ತುಂಬಾ ಇಷ್ಟ. ಯೋಹಾನ 5:17 ನೆನಪಾಗುತ್ತದೆ.

ನನ್ನ ತಕರಾರು ಬೇರೆ ಕಡೆ. ಯೆಶಾಯ 43ನ್ನು ಕೊನೆಯವರೆಗೆ ಓದಿ. ಅರಣ್ಯದಲ್ಲಿ ದಾರಿ ಮಾಡುತ್ತೇನೆ ಎಂದು 19ನೇ ವಚನದಲ್ಲಿ ಹೇಳಿದ ದೇವರು, 24ರಲ್ಲಿ ನಿಮ್ಮ ತಪ್ಪುಗಳಿಂದ ನನ್ನನ್ನು ದಣಿಸಿಬಿಟ್ಟಿರಿ ಎನ್ನುತ್ತಾನೆ. 25ರಲ್ಲಿ, ಅವನ್ನೆಲ್ಲ ನಾನೇ ಅಳಿಸುತ್ತೇನೆ ಎನ್ನುತ್ತಾನೆ. ಆ ಇಸ್ರಾಯೇಲ್ ಜನ ಬಾಬೆಲಿನಲ್ಲಿ ಸೆರೆಯಾಗಿದ್ದೇ ಪಾಪದಿಂದ. ಹಾಡು ದಾರಿಯನ್ನು ಇಟ್ಟುಕೊಂಡಿತು. ಪಾಪ, ಕ್ಷಮೆ ಎರಡನ್ನೂ ಬಿಟ್ಟಿತು. ಶಿಲುಬೆಯೂ ಇಲ್ಲ. ಆಗ ದಾರಿ ಅಂದರೆ ವೀಸಾ, ಪ್ರಮೋಷನ್, ಸಾಲ ತೀರುವುದು ಅಂತಷ್ಟೇ ಆಗಿಬಿಡುತ್ತದೆ. ನಾನು ಹೋಗಿದ್ದ ಒಂದು ಕೂಟದಲ್ಲಿ ಹಾಡು ನಿಲ್ಲಿಸಿ, ಯಾರ್ಯಾರಿಗೆ ಯಾವ ದಾರಿ ಬೇಕು ಕೂಗಿ ಹೇಳಿ ಅಂದರು. ನನಗೆ ಮುಜುಗರವಾಯಿತು.

ಇನ್ನೊಂದು ವಿಷಯ. ಕೇಳಿದ್ದು ಸಿಗದವರು ಈ ಹಾಡಿನಲ್ಲಿ ಎಲ್ಲಿ ನಿಲ್ಲಬೇಕು? ಅಪೊಸ್ತಲ ಪೌಲ ಮೂರು ಸಲ ಬೇಡಿದರೂ, ಅವನು ಮುಳ್ಳು ಎಂದು ಕರೆದ ಬಾಧೆ ಹೋಗಲಿಲ್ಲ. ದಾನಿಯೇಲ 3ರ ಆ ಮೂವರು ಯೆಹೂದ್ಯರು ಬೆಂಕಿಯ ಕುಲುಮೆ ಎದುರಿಗಿದ್ದರೂ, ದೇವರು ಬಿಡಿಸದಿದ್ದರೂ ನಿನ್ನ ವಿಗ್ರಹಕ್ಕೆ ಅಡ್ಡಬೀಳುವುದಿಲ್ಲ ಎಂದು ರಾಜನಿಗೇ ಹೇಳಿದರು. ಆ 'ಬಿಡಿಸದಿದ್ದರೂ' ಈ ಹಾಡಿನಲ್ಲಿಲ್ಲ. ಕ್ಯಾನ್ಸರ್ ವಾರ್ಡಿನಲ್ಲಿ ಇದನ್ನು ಹಾಡುವ ಮುಂಚೆ ನಾನಂತೂ ಎರಡು ಸಲ ಯೋಚಿಸುತ್ತೇನೆ.

ಒಂದೇ ಹಾಡು ಎಲ್ಲವನ್ನೂ ಹೇಳಬೇಕಿಲ್ಲ, ಒಪ್ಪುತ್ತೇನೆ. ಐದಕ್ಕೆ ಮೂರೂವರೆ ಕೊಡುತ್ತೇನೆ. ಆರಾಧನೆಯ ಮೊದಲ ಹಾಡಾಗಿ ಬೇಡ. ಪಾಪದ ಅರಿಕೆ ಆಗಲಿ, ಯೆಶಾಯ 43:22ರಿಂದ 25 ಓದಲಿ, ಆಮೇಲೆ ಹಾಡಲಿ. ಡ್ರಮ್ಸ್ ಬಾರಿಸುವ ತಮ್ಮನಿಗೂ ಒಂದು ಮಾತು: ಕೊನೆಯ ಭಾಗ ನಾಲ್ಕು ಸಲ ಸಾಕಪ್ಪ, ಮುಂದಿನ ಸಾಲಿನ ಅಜ್ಜಿಯರಿಗೆ ಅಷ್ಟು ಹೊತ್ತು ನಿಲ್ಲಲು ಆಗುವುದಿಲ್ಲ.