ಆರ್‌ಬಿಎಸ್‌ಕೆ ಸೇವೆ: ಪತ್ತೆಯಾದ ಮಗು ಶಸ್ತ್ರಚಿಕಿತ್ಸೆಗೆ ತಲುಪುತ್ತದೆಯೇ?

ಅಂಗನವಾಡಿಗೆ ಅಥವಾ ಸರ್ಕಾರಿ ಶಾಲೆಗೆ ಮಕ್ಕಳನ್ನು ಕಳಿಸುವ ಪೋಷಕರು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ (ಆರ್‌ಬಿಎಸ್‌ಕೆ) ವಾಹನವನ್ನು ನೋಡಿರುತ್ತಾರೆ. ಆದರೆ ಅದರಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದು ಬಹಳ ಮಂದಿಗೆ ತಿಳಿದಿಲ್ಲ. 2013ರಲ್ಲಿ ಆರಂಭವಾದ ಈ ಯೋಜನೆ, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ 30 ಬಗೆಯ ತೊಂದರೆಗಳನ್ನು ಹುಡುಕಿ, ಚಿಕಿತ್ಸೆಯನ್ನು, ಅಗತ್ಯವಿದ್ದರೆ ಶಸ್ತ್ರಚಿಕಿತ್ಸೆಯನ್ನೂ, ಉಚಿತವಾಗಿ ಒದಗಿಸುವ ಉದ್ದೇಶದ್ದು. ಮಕ್ಕಳ ಶಸ್ತ್ರಚಿಕಿತ್ಸೆಯಲ್ಲೇ ವೃತ್ತಿಜೀವನ ಕಳೆದ ನಾನು ಈ ಸೇವೆಯನ್ನು ಅದರ ಕೊನೆಯ ತುದಿಯಿಂದ, ಅಂದರೆ ಶಿಫಾರಸು ಪತ್ರ ಹಿಡಿದು ಬಂದ ಮಗುವನ್ನು ಪರೀಕ್ಷಿಸುವ ಕಡೆಯಿಂದ ಕಂಡವನು.

ಮೊದಲು ಮೆಚ್ಚಬೇಕಾದದ್ದನ್ನು ಹೇಳುತ್ತೇನೆ. ಇಬ್ಬರು ಆಯುಷ್ ವೈದ್ಯರು, ಒಬ್ಬ ಶುಶ್ರೂಷಕಿ ಮತ್ತು ಒಬ್ಬ ಫಾರ್ಮಸಿಸ್ಟ್ ಇರುವ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೂ ಒಂದು ಬಾರಿ ಶಾಲೆಗೂ ಹೋಗಬೇಕೆಂಬುದು ನಿಯಮ. ಆಯುರ್ವೇದ, ಹೋಮಿಯೋಪತಿಯಂಥ ಪದ್ಧತಿ ಓದಿದ ಆಯುಷ್ ವೈದ್ಯರಿಗೆ ಹೃದಯದ ಮರ್ಮರ, ಅಂದರೆ ಬಡಿತದ ನಡುವಿನ ಅಸಹಜ ಸದ್ದು, ಕೇಳಿಸೀತೇ ಎಂದು ನನ್ನ ಸಹೋದ್ಯೋಗಿಗಳು ಹಗುರವಾಗಿ ಮಾತನಾಡುವುದುಂಟು. ನಾನು ಅದನ್ನು ಒಪ್ಪುವುದಿಲ್ಲ. ಪದೇ ಪದೇ ಶೀತವಾಗುವ, ತೂಕ ಏರದ ಮಗುವಿನ ಎದೆಗೆ ಯಾರಾದರೂ ತಾಳ್ಮೆಯಿಂದ ಸ್ಟೆತಸ್ಕೋಪ್ ಇಟ್ಟಿದ್ದೇ ಈ ತಂಡ ಬಂದ ಮೇಲೆ, ಎನ್ನುವ ತಾಯಂದಿರನ್ನು ನಾನು ಕಂಡಿದ್ದೇನೆ. ಹುಡುಕುವ ಕೆಲಸಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡಲು ನನಗೆ ಹಿಂಜರಿಕೆಯಿಲ್ಲ.

ತೊಡಕು ಇರುವುದು ವಯಸ್ಸಿನಲ್ಲಿ. ಮಕ್ಕಳ ಶಸ್ತ್ರಚಿಕಿತ್ಸೆಯ ಬಹುಪಾಲು ಮೊದಲ ಒಂದೂವರೆ ವರ್ಷದ ವ್ಯವಹಾರ. ಹುಟ್ಟಿನಿಂದಲೇ ಬಂದ ಕಣ್ಣಿನ ಪೊರೆಯನ್ನು ಮೊದಲ ಎರಡು ತಿಂಗಳ ಆಸುಪಾಸಿನಲ್ಲಿ ತೆಗೆಯದಿದ್ದರೆ ಆಮೇಲೆ ತೆಗೆದರೂ ದೃಷ್ಟಿ ಪೂರ್ತಿ ಬೆಳೆಯುವುದಿಲ್ಲ. ಹೃದಯದ ಕೆಳಕೋಣೆಗಳ ನಡುವೆ ದೊಡ್ಡ ರಂಧ್ರವಿದ್ದು, ಅದನ್ನು ವರ್ಷಗಟ್ಟಲೆ ಹಾಗೆಯೇ ಬಿಟ್ಟರೆ ಶ್ವಾಸಕೋಶದ ರಕ್ತನಾಳಗಳು ಗಡುಸಾಗಿ, ಕೊನೆಗೆ ರಂಧ್ರ ಮುಚ್ಚುವುದೇ ಅಪಾಯಕಾರಿಯಾಗುವ ಹಂತ ಬರುತ್ತದೆ. ಅಂಥ ಮಗು ಒಂದನೇ ತರಗತಿಯಲ್ಲಿ ಪತ್ತೆಯಾದರೆ ತಪಾಸಣೆಯ ಲೆಕ್ಕಕ್ಕೆ ಅದು ಗೆಲುವು, ಶಸ್ತ್ರಚಿಕಿತ್ಸಕನ ಪಾಲಿಗೆ ಮಾತ್ರ ತಡವಾಗಿ ಬಂದ ಸುದ್ದಿ. ಹೆರಿಗೆಯಾದ ಆಸ್ಪತ್ರೆಯಲ್ಲೇ ಶಿಶುವನ್ನು ಪರೀಕ್ಷಿಸಬೇಕು, ಆರು ವಾರದವರೆಗೆ ಆಶಾ ಕಾರ್ಯಕರ್ತೆ ಮನೆಭೇಟಿಯಲ್ಲಿ ನೋಡಬೇಕು ಎಂದು ಯೋಜನೆಯ ಮಾರ್ಗಸೂಚಿಯಲ್ಲೇ ಇದೆ. ಯೋಜನೆಯ ನಿಜವಾದ ಬಲ ಇರಬೇಕಾದದ್ದು ಅಲ್ಲಿ, ಶಾಲೆಯ ಅಂಗಳದಲ್ಲಿ ಅಲ್ಲ.

ಆ 30 ತೊಂದರೆಗಳ ಪಟ್ಟಿಯ ಬಗ್ಗೆಯೂ ನನಗೆ ತಕರಾರಿದೆ. ಜನ್ಮಜಾತ ದೋಷಗಳ ಸಾಲಿನಲ್ಲಿ ಸೀಳುತುಟಿ, ಸೊಟ್ಟಪಾದ, ಸೊಂಟದ ಕೀಲಿನ ದೋಷ, ಬೆನ್ನುಹುರಿಯ ದೋಷ, ಹೃದ್ರೋಗ, ಕಣ್ಣಿನ ಪೊರೆ, ಕಿವುಡು ಮುಂತಾದ ಒಂಬತ್ತು ಸ್ಥಿತಿಗಳಿವೆ. ಆದರೆ ಮಕ್ಕಳ ಶಸ್ತ್ರಚಿಕಿತ್ಸಕರು ದಿನನಿತ್ಯ ನೋಡುವ ಹರ್ನಿಯಾ, ಕೆಳಗಿಳಿಯದ ವೃಷಣ, ಮೂತ್ರದ್ವಾರ ತನ್ನ ಜಾಗದಲ್ಲಿರದ ಹೈಪೋಸ್ಪೇಡಿಯಸ್, ಗುದದ್ವಾರವಿಲ್ಲದೆ ಹುಟ್ಟುವುದು, ಇವ್ಯಾವುವೂ ಆ ಮೂವತ್ತರಲ್ಲಿ ಹೆಸರಿನಿಂದ ನಮೂದಾಗಿಲ್ಲ. ಕೆಳಗಿಳಿಯದ ವೃಷಣವನ್ನು ಒಂದೂವರೆ ವರ್ಷದೊಳಗೆ ಸರಿಪಡಿಸಬೇಕು. ಅದನ್ನು ಕಂಡುಹಿಡಿಯಲು ಯಂತ್ರ ಬೇಡ, ಬಟ್ಟೆ ಬಿಚ್ಚಿ ನೋಡುವ ಎರಡು ನಿಮಿಷ ಸಾಕು. ನಮೂನೆಯಲ್ಲಿ ಅದಕ್ಕೊಂದು ಕಾಲಮ್ ಇಲ್ಲದಿರುವಾಗ ಆ ಎರಡು ನಿಮಿಷವನ್ನು ಯಾರು ಕೊಡುತ್ತಾರೆ?

ಹುಡುಕಿದ ಮೇಲಿನ ದಾರಿಗೆ ಎರಡಕ್ಕಿಂತ ಹೆಚ್ಚು ಅಂಕ ಕೊಡಲಾರೆ. ತಂಡದಿಂದ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಪತ್ತೆಯಾದ ಮಕ್ಕಳನ್ನು ಮತ್ತೆ ಪರೀಕ್ಷಿಸಿ ಮುಂದಿನ ಚಿಕಿತ್ಸೆ ಗೊತ್ತುಮಾಡುವ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರ, ಅಲ್ಲಿಂದ ದೊಡ್ಡ ಆಸ್ಪತ್ರೆ, ಹೀಗೆ ಕಡತ ಸಾಗುತ್ತದೆ. ಎಂಬಿಬಿಎಸ್ ಆದ ಮೇಲೆ ಮೂರು ವರ್ಷ ಎಂಎಸ್, ಮತ್ತೆ ಮೂರು ವರ್ಷ ಎಂಸಿಎಚ್ ಎಂಬ ಉನ್ನತ ಶಸ್ತ್ರಚಿಕಿತ್ಸಾ ಪದವಿ ಓದಿದ ಮಕ್ಕಳ ಶಸ್ತ್ರಚಿಕಿತ್ಸಕ ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನಂಥ ಊರುಗಳಲ್ಲೇ ನೆಲೆ ನಿಲ್ಲುತ್ತಾನೆ. ಇದಕ್ಕೆ ಹಣದಾಸೆಯೊಂದೇ ಕಾರಣವಲ್ಲ: ಎರಡೂವರೆ ಕಿಲೋ ತೂಕದ ಶಿಶುವಿಗೆ ಅರಿವಳಿಕೆ ಕೊಡಬಲ್ಲವರು ಮತ್ತು ನವಜಾತ ಶಿಶುಗಳ ತೀವ್ರ ನಿಗಾ ಘಟಕ ಇಲ್ಲದ ಊರಿನಲ್ಲಿ ಅವನ ಕೈಯ ಕೌಶಲ ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಕುಟುಂಬವೇ ಪ್ರಯಾಣ ಮಾಡಬೇಕು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ವೆಚ್ಚ ಭರಿಸುತ್ತದೆ, ನಿಜ. ಆದರೆ ಕೂಲಿ ಬಿಟ್ಟು ಬಂದ ತಂದೆಯ ದಿನಗೂಲಿಯನ್ನು, ಊರಲ್ಲಿ ಬಿಟ್ಟುಬಂದ ಇನ್ನೊಂದು ಮಗುವಿನ ಊಟವನ್ನು ಯಾವ ಪ್ಯಾಕೇಜೂ ಭರಿಸುವುದಿಲ್ಲ.

ಇನ್ನೂ ಬೇಸರ ತರಿಸುವ ಸಂಗತಿಯೊಂದಿದೆ. ಸೀಳುತುಟಿ ಹೊಲಿಯಲು ನಾವು ಬಹುಕಾಲದಿಂದ ಪಾಲಿಸುವ ಸೂತ್ರ ಹತ್ತು ವಾರ ವಯಸ್ಸು, ಹತ್ತು ಪೌಂಡ್ ತೂಕ, ಹತ್ತು ಗ್ರಾಂ ಹಿಮೋಗ್ಲೋಬಿನ್. ಅಷ್ಟು ತೂಕವಿಲ್ಲದ, ರಕ್ತಹೀನತೆಯ ಮಗುವನ್ನು ದಪ್ಪವಾದ ಮೇಲೆ ಕರೆತನ್ನಿ ಎಂದು ವಾಪಸು ಕಳಿಸುತ್ತೇವೆ, ಅನೇಕರು ಮತ್ತೆ ಬರುವುದೇ ಇಲ್ಲ. ತೀವ್ರ ರಕ್ತಹೀನತೆ ಮತ್ತು ತೀವ್ರ ಅಪೌಷ್ಟಿಕತೆ ಎರಡೂ ಇದೇ ಕಾರ್ಯಕ್ರಮದ ಪಟ್ಟಿಯಲ್ಲಿರುವ ತೊಂದರೆಗಳು. ಹಾಗಿದ್ದರೂ ಹಿಂದಿರುಗಿಸಿದ ಮಗುವಿನ ಹೆಸರು ಆಸ್ಪತ್ರೆಯಿಂದ ಆ ಊರಿನ ತಂಡಕ್ಕೆ ತಲುಪುವುದು ಅಪರೂಪ. ಇದರಲ್ಲಿ ಶಸ್ತ್ರಚಿಕಿತ್ಸಕರಾದ ನಮ್ಮ ಪಾಲೂ ಇದೆ.

ಬೇರೆ ರೀತಿಯಲ್ಲಿ ಮಾಡಲು ಸಾಧ್ಯವೇ ಎಂದು ಕೇಳುವವರಿಗೆ ಕರ್ನಾಟಕದಲ್ಲೇ ಉತ್ತರವಿದೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಕಣ್ಣಿನ ಅಕ್ಷಿಪಟಲದ (ರೆಟಿನಾ) ರೋಗಕ್ಕಾಗಿ ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಕಾರ್ಯಕ್ರಮದಲ್ಲಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗುತ್ತಾರೆ. ಚಿತ್ರವನ್ನು ತಜ್ಞರು ದೂರದಿಂದಲೇ ನೋಡಿ ತೀರ್ಮಾನಿಸುತ್ತಾರೆ. ಮಗು ತಜ್ಞನನ್ನು ಹುಡುಕಿ ಹೋಗುವ ಬದಲು ತಜ್ಞನ ಕಣ್ಣು ಮಗುವಿದ್ದಲ್ಲಿಗೆ ಬರುತ್ತದೆ. ಎಲ್ಲ ಶಸ್ತ್ರಚಿಕಿತ್ಸೆಗೂ ಈ ಮಾದರಿ ಒಗ್ಗುವುದಿಲ್ಲವಾದರೂ, ಮೊದಲ ಸಮಾಲೋಚನೆಗೆ ಮತ್ತು ನಂತರದ ತಪಾಸಣೆಗೆ ಖಂಡಿತ ಒಗ್ಗುತ್ತದೆ.

ಈ ಸೇವೆಯನ್ನು ಬಳಸಿರೆಂದೇ ನನ್ನ ಸಲಹೆ. ತಂಡ ಕೊಟ್ಟ ಶಿಫಾರಸು ಪತ್ರದ ಪ್ರತಿಯನ್ನು ತಾಯಿ ಕಾರ್ಡಿನ ಜೊತೆಯಲ್ಲೇ ಇಡಿ. ಮಗುವಿನ ಹೆಸರನ್ನು ಪಡಿತರ ಚೀಟಿಗೆ ಬೇಗ ಸೇರಿಸಿ, ಏಕೆಂದರೆ ಅನೇಕ ಕಡತಗಳು ನಿಲ್ಲುವುದು ಅಲ್ಲಿಯೇ. ಜಿಲ್ಲಾ ಕೇಂದ್ರದಿಂದ ಕರೆ ಬರಲೆಂದು ಕಾಯದೆ ನೀವೇ ಹೋಗಿ ದಿನಾಂಕ ಕೇಳಿ. ಯೋಜನೆ ನಡೆಸುವವರಲ್ಲಿ ಒಂದು ಕೋರಿಕೆ: ಸೊಟ್ಟಪಾದಕ್ಕೆ ಪೊನ್ಸೆಟಿ ವಿಧಾನದಲ್ಲಿ ವಾರವಾರ ಪ್ಲಾಸ್ಟರ್ ಹಾಕಿ ನೇರಮಾಡಿದ ಕಾಲು, ನಾಲ್ಕು ವರ್ಷದವರೆಗೆ ರಾತ್ರಿ ಬ್ರೇಸ್ (ಪಾದವನ್ನು ಸರಿಯಾದ ಸ್ಥಿತಿಯಲ್ಲಿ ಹಿಡಿದಿಡುವ ಸಾಧನ) ತೊಡದಿದ್ದರೆ ಮತ್ತೆ ಸೊಟ್ಟಗಾಗುವ ಸಾಧ್ಯತೆ ಹೆಚ್ಚು. ಅದೇ ವಯಸ್ಸಿನಲ್ಲಿ ಅದೇ ಅಂಗನವಾಡಿಗೆ ನಿಮ್ಮ ವಾಹನ ವರ್ಷಕ್ಕೆ ಎರಡು ಬಾರಿ ಹೋಗುತ್ತದೆ. ಚಿಕಿತ್ಸೆಯಾದ ಮಕ್ಕಳಿಗೂ ನಮೂನೆಯಲ್ಲಿ ಒಂದು ಸಾಲು ಸೇರಿಸಿ, ಬ್ರೇಸ್ ತೊಡಿಸುತ್ತಿದ್ದಾರೆಯೇ ಎಂದು ಕೇಳಿ ಬರೆದುಕೊಳ್ಳಿ.