ಎಂಜಿನ್ ಅಲಾರಾಂ ಮ್ಯೂಟ್ ಮಾಡಿ ನಾವು ಕೆಟ್ಟ ಕಥೆ

ಮನೆಯಲ್ಲೇ ವಿಮಾನ ಕಟ್ಟುವವರು ನಮ್ಮ ಕಡೆ ಎಷ್ಟು ಜನ ಇದ್ದಾರೋ ಗೊತ್ತಿಲ್ಲ. ಇದ್ದವರು ದಯವಿಟ್ಟು ಓದಿ. ಸೆಕೆಂಡ್ ಹ್ಯಾಂಡ್ ಎಂಜಿನ್ ಡಿಸ್‌ಪ್ಲೇ (ಎಂಜಿನ್ನಿನ ವೇಗ, ಬಿಸಿ, ಆಯಿಲ್ ಪ್ರೆಶರ್ ತೋರಿಸಿ, ಮಿತಿ ದಾಟಿದರೆ ಕೂಗುವ ಪರದೆ) ತಗೊಂಡಿದ್ದರೆ, ಅದರೊಳಗಿನ ಲಿಮಿಟ್‌ಗಳನ್ನು ಒಂದೊಂದಾಗಿ ನೋಡದೆ ಸ್ಟಾರ್ಟ್ ಹೊಡೆಯಬೇಡಿ.

ನಮ್ಮ ಭಾವ ಹಾಸನದ ಹತ್ತಿರ ಒಂದು ಹಳೇ ಆಲೂಗಡ್ಡೆ ಗೋಡೌನಿನಲ್ಲಿ ಎರಡು ಸೀಟಿನ ಕಿಟ್ ವಿಮಾನ ಜೋಡಿಸುತ್ತಿದ್ದಾರೆ. 'ಬೂವನಹಳ್ಳಿ ಏರ್‌ಪೋರ್ಟ್ ಮೊದಲಾ, ನಿಮ್ದು ಮೊದಲಾ?' ಅಂತ ಊರವರು ರೇಗಿಸುತ್ತಾರೆ. ನಾನು ಸ್ಪ್ಯಾನರ್ ಎತ್ತಿಕೊಡುವವನು. ಎಂಜಿನ್ ರೋಟ್ಯಾಕ್ಸ್ 912 ಯುಎಲ್‌ಎಸ್. ಡಿಸ್‌ಪ್ಲೇ ಮಾತ್ರ ಯಾರೋ ಬಿಚ್ಚಿ ಮಾರಿದ್ದು. ಮೊದಲು ಅದು ಲೈಕಮಿಂಗ್ ಎಂಜಿನ್ನಿಗೆ ಕೂತಿತ್ತು. ಅದರ ಲಿಮಿಟ್‌ಗಳು ಹಾಗೇ ಉಳಿದಿದ್ದವು.

ಲೈಕಮಿಂಗ್‌ಗೆ 2,700 ಆರ್‌ಪಿಎಂ ಅಂದರೆ ದಾಟಬಾರದ ಕೆಂಪು ಗೆರೆ. ರೋಟ್ಯಾಕ್ಸ್‌ಗೆ 5,800, ಅದೂ ಐದು ನಿಮಿಷ ಮಾತ್ರ. ಹಾಗಾಗಿ ಸ್ವಲ್ಪ ಥ್ರಾಟಲ್ ಕೊಟ್ಟರೆ ಸಾಕು, ಅಲಾರಾಂ ಕಿರುಚುತ್ತಿತ್ತು. ಐಡಲ್‌ಗೆ ಇಳಿಸಿದರೆ ಆಯಿಲ್ ಪ್ರೆಶರ್ ಕಮ್ಮಿ ಅಂತ ಮತ್ತೆ ಕಿರುಚು. ಅದರ ಲೆಕ್ಕದಲ್ಲಿ 25 ಪಿಎಸ್‌ಐ, ಅಂದರೆ 1.7 ಬಾರ್ ಬೇಕು. ನಮ್ಮ ಎಂಜಿನ್ನಿಗೆ 3,500 ಆರ್‌ಪಿಎಂ ಒಳಗೆ 0.8 ಬಾರ್ ಇದ್ದರೂ ನಡೆಯುತ್ತದೆ.

'ಏನ್ ಕಾಟ ಮಾರಾಯ ಇದು' ಅಂತ ಭಾವ ಎಲ್ಲ ಅಲಾರಾಂ ಮ್ಯೂಟ್ ಮಾಡಿದರು. ನಾನೂ ತಲೆ ಆಡಿಸಿದೆ.

ಮೂರನೇ ಸಲ ಓಡಿಸುವಾಗ ಕೂಲಂಟಿನ (ಎಂಜಿನ್ ತಣಿಸುವ ದ್ರವದ) ಬಿಸಿ 105 ಡಿಗ್ರಿ ಸೆಲ್ಸಿಯಸ್‌ನಿಂದ ಮೇಲಕ್ಕೆ ಹತ್ತಿತು. 'ಭಾವ, ಜಾಸ್ತಿ ಆಗ್ತಿದೆ' ಅಂದೆ. ಅವರು ನೋಡುವಷ್ಟರಲ್ಲಿ ಅಂಕಿ ಇಳಿಯತೊಡಗಿತು. 'ನೋಡು, ತಣ್ಣಗಾಯ್ತು' ಅಂದರು. ಅಷ್ಟರಲ್ಲಿ ಆಲೆಮನೆಯಲ್ಲಿ ಪಾಕ ಕುದಿಯುವಂಥ ಸಿಹಿ ವಾಸನೆ ಬಂತು. ಬಗ್ಗಿ ನೋಡಿದರೆ ಹೋಸಿನ ಕ್ಲಿಪ್ ಸಡಿಲ, ಕೂಲಂಟ್ ಪೂರ್ತಿ ನೆಲದ ಮೇಲೆ. ಸೆನ್ಸರ್ ಸುತ್ತ ಕೂಲಂಟೇ ಇಲ್ಲ, ಬರೀ ಹಬೆ ಮತ್ತು ಗಾಳಿ. ಅದಕ್ಕೇ ಅಂಕಿ ಇಳಿದಿದ್ದು!

ಎಂಜಿನ್ ನಿಲ್ಲಿಸಿ ಮೆಮೊರಿ ನೋಡಿದೆವು. ಕೂಲಂಟ್ 131ರವರೆಗೆ ಹೋಗಿತ್ತು. ಅದರ ಮಿತಿ 120. ಕೂಲಂಟ್ ಸೆನ್ಸರನ್ನು ಜೋಡಿಸಿದ್ದ ಚಾನೆಲ್‌ನಲ್ಲಿ ಲೈಕಮಿಂಗ್ ಸಿಲಿಂಡರ್ ಹೆಡ್ಡಿನ ಮಿತಿ ಇತ್ತು, 260 ಡಿಗ್ರಿ! ಮ್ಯೂಟ್ ಮಾಡದಿದ್ದರೂ ಅದು ಬಾಯಿ ಬಿಡುತ್ತಿರಲಿಲ್ಲ. ಆಯಿಲ್ 121 ತಲುಪಿತ್ತು. ನಮ್ಮ ಎಂಜಿನ್ನಿಗೆ ಅದು 130ರವರೆಗೆ ಸರಿ, ಆದರೆ ಹಳೇ ಲಿಮಿಟ್ 118. ಅಂದರೆ ತಪ್ಪು ಲಿಮಿಟ್ ಆದರೂ ಅದು ಕೂಗಿ ಹೇಳಿರುತ್ತಿತ್ತು. ಅದರ ಬಾಯಿ ಮುಚ್ಚಿಸಿದ್ದು ನಾವೇ.

ಮಿತಿ ದಾಟಿದ ಮೇಲೆ ತಪಾಸಣೆ ಮಾಡಿಸಲೇಬೇಕು. ಬಿಲ್ ನೋಡಿ ಅಕ್ಕ ಮೂರು ದಿನ ಭಾವನ ಹತ್ತಿರ ಮಾತಾಡಲಿಲ್ಲ. ನನ್ನ ಹತ್ತಿರ ಐದು ದಿನ.

ಈಗ ನಿಮ್ಮ ಎಂಜಿನ್ ಸೀರಿಯಲ್ ನಂಬರಿಗೆ ಹೊಂದುವ ಮ್ಯಾನುಯಲ್ ತೆಗೆದು ಕೂತುಕೊಳ್ಳಿ. ಗೆಳೆಯರು ಹೇಳಿದ ಅಂಕಿ ಬೇಡ. ಹಳೇ 912 ಯುಎಲ್‌ಎಸ್ ಹೆಡ್ಡಿನಲ್ಲಿ ಸೆನ್ಸರ್ ಲೋಹದ ಬಿಸಿ ಅಳೆಯುತ್ತದೆ, ಮಿತಿ 135. ಹೊಸದರಲ್ಲಿ ಕೂಲಂಟ್, 120. ಎಂಜಿನ್ ಹೆಸರು ಒಂದೇ, ಅಂಕಿ ಬೇರೆ. ಆಯಿಲ್ ಪ್ರೆಶರ್ 5 ಬಾರ್‌ಗೇ ಕೆಂಪು ಇಡಬೇಡಿ. ಡಿಸೆಂಬರ್ ಬೆಳಗ್ಗೆ ತಣ್ಣಗಿನ ಆಯಿಲ್ ಸ್ವಲ್ಪ ಹೊತ್ತು ಅದನ್ನು ದಾಟುತ್ತದೆ, ಮತ್ತೆ ಮ್ಯೂಟ್ ಬಟನ್ ಕಡೆ ಕೈ ಹೋಗುತ್ತದೆ. 5ರಿಂದ 7 ಹಳದಿ ಇಡಿ, 7ಕ್ಕೆ ಕೆಂಪು. ಆಮೇಲೆ ಪ್ರತಿ ಕೆಂಪು ಗೆರೆಯನ್ನೂ ಒಮ್ಮೆ ಈಗಿನ ರೀಡಿಂಗಿಗಿಂತ ಕೆಳಗೆ (ಕನಿಷ್ಠ ಮಿತಿಯ ಗೆರೆಯಾದರೆ ಮೇಲಕ್ಕೆ) ಎಳೆದು, ನಿಜವಾಗಿ ಕೂಗುತ್ತಾ ನೋಡಿ. ಗೆರೆಯನ್ನು ವಾಪಸ್ ಇಡುವುದು ಮರೆಯಬೇಡಿ.

ಸೆನ್ಸರನ್ನೂ ಕುದಿಯುವ ನೀರಿನಲ್ಲಿ ಮುಳುಗಿಸಿ ನೋಡಿದೆವು. 97 ತೋರಿಸಿತು. ಸೆನ್ಸರ್ ಹಾಳಾಗಿದೆ ಅಂತ ಭಾವ ಹೊಸದು ಆರ್ಡರ್ ಮಾಡಲು ಹೊರಟಿದ್ದರು. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಮೇಲಿದೆ, ಇಲ್ಲಿ ನೀರು ಕುದಿಯುವುದೇ 97ಕ್ಕೆ. ಆ ಒಂದು ಖರ್ಚಾದರೂ ಉಳಿಯಿತು.